ಹಳೆಯ ಟ್ರಕ್ಕಿಗೆ ಯಾವ ಕೆಂಪು ಎಣ್ಣೆ?

ಕ್ಯಾಂಟನ್ (ಮಿಷಿಗನ್): ಇಲ್ಲಿ ‘ಟ್ರಕ್’ ಅಂದರೆ ನಮ್ಮೂರಿನ ಹತ್ತು ಗಾಲಿಯ ಲಾರಿ ಎಂದು ತಿಳಿಯಬೇಡಿ. ಮುಂದೆ ಕಾರಿನಂತೆ ಕೂರಲು ಜಾಗ, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ. ಈ ಪಿಕಪ್ ಗಾಡಿಗೇ ಅಮೆರಿಕದವರು ಟ್ರಕ್ ಎನ್ನುವುದು. ಡೆಟ್ರಾಯಿಟ್ ಸುತ್ತಿನ ಊರುಗಳಲ್ಲಿ ಬೀದಿಗೆ ನಾಲ್ಕಾದರೂ ಕಾಣುತ್ತವೆ. ಆದರೆ ನಮ್ಮ ಕನ್ನಡದ ಮನೆಗಳಲ್ಲಿ ಅಪರೂಪ. ನಾವು ಮಿನಿವ್ಯಾನ್ ಜನ. ಹಾಗಾಗಿ ಮೂರು ವರ್ಷದ ಹಿಂದೆ, ನಿವೃತ್ತರಾಗಿ ಫ್ಲೋರಿಡಾಕ್ಕೆ ಹೊರಟ ಪಕ್ಕದ ಮನೆಯವರಿಂದ 2001ರ ಫೋರ್ಡ್ ಎಫ್-150 ಒಂದನ್ನು ನಾನು ಕೊಂಡಾಗ ಅದು ನನ್ನೊಬ್ಬನ ಗಾಡಿಯಾಗಿ ಉಳಿಯಲಿಲ್ಲ. ಹೊಸದಾಗಿ ಬಂದ ಸಂಸಾರಕ್ಕೆ ಸೋಫಾ ತರಬೇಕೆ, ಯಾರದೋ ಮನೆ ಬದಲಾವಣೆಯೆ, ರಾಜ್ಯೋತ್ಸವದ ಊಟಕ್ಕೆ ದೊಡ್ಡ ಪಾತ್ರೆಗಳು ಸಾಗಬೇಕೆ, ಎಲ್ಲಕ್ಕೂ ಇದೇ. ನನ್ನ ಹೆಂಡತಿ ಅದಕ್ಕೆ ‘ಊರೊಟ್ಟಿನ ಎತ್ತಿನಗಾಡಿ’ ಎಂದು ಹೆಸರಿಟ್ಟಳು.

ಕಳೆದ ಶರತ್ಕಾಲದಲ್ಲಿ ಎತ್ತಿನಗಾಡಿ ನಡುಗತೊಡಗಿತು. ಗಂಟೆಗೆ 45 ಮೈಲಿ ವೇಗದಲ್ಲಿ ಸುಮ್ಮನೆ ಸಾಗುವಾಗ, ರಸ್ತೆಯಂಚಿನ ಗೀರುಪಟ್ಟಿಯ ಮೇಲೆ ಚಕ್ರ ಹತ್ತಿದಂತೆ ಎರಡು ಕ್ಷಣ ಗರಗರ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೌನ. ಆಗಲೇ ಅದು 1,70,000 ಮೈಲಿ ಓಡಿತ್ತು. ವಿಚಾರಿಸಿದಾಗ ಸಿಕ್ಕ ಉತ್ತರ ಒಂದೇ: ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಬಿಚ್ಚಿ ಕಟ್ಟಿಸಲು ಕೆಲವು ಸಾವಿರ ಡಾಲರ್ ಬೇಕು, ಟ್ರಕ್ಕಿನ ಬೆಲೆಯೇ ಅಷ್ಟಿಲ್ಲ. ಅಂದರೆ ಗುಜರಿ. ಮೊದಲು ಎಣ್ಣೆ ಬದಲಿಸಿ ನೋಡೋಣ ಎಂದುಕೊಂಡು ಫೋರ್ಡ್ ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋದೆ.

ಅಂಗಡಿಯ ಒಂದು ಗೋಡೆಯ ತುಂಬ ಅದೇ ಎಣ್ಣೆ. ಎಲ್ಲವೂ ಕೆಂಪು. ಡೆಕ್ಸ್ರಾನ್, ಮರ್ಕಾನ್ ವಿ, ಮರ್ಕಾನ್ ಎಲ್‌ವಿ, ಎಟಿಎಫ್+4, ‘ಎಲ್ಲ ವಾಹನಗಳಿಗೂ’, ‘ಹೆಚ್ಚು ಓಡಿದ ವಾಹನಗಳಿಗೆ’. ಕೆಳಗಿನ ಸಾಲಿನಲ್ಲಿ ಎಲ್ಲಕ್ಕಿಂತ ಅಗ್ಗವಾದ ‘ಟೈಪ್ ಎಫ್’. ಎಫ್ ಅಂದರೆ ಫೋರ್ಡ್, ನನ್ನದು ಫೋರ್ಡ್, ಗಾಡಿಯ ಹೆಸರಲ್ಲೂ ಎಫ್ ಇದೆ. ಇನ್ನೇನು ಬೇಕು? ಆರು ಬಾಟಲಿ ಹೊತ್ತು ಮನೆಗೆ ಬಂದೆ.

ಅವತ್ತೇ ಸಂಜೆ ಹುಬ್ಬಳ್ಳಿಯ ಗೆಳೆಯರೊಬ್ಬರು ಟ್ರಕ್ ಕೇಳಲು ಬಂದರು. ಇಲ್ಲಿಯ ಕಾರು ಉದ್ಯಮದಲ್ಲಿ ಇಪ್ಪತ್ತು ವರ್ಷದಿಂದ ಗೇರ್‌ಬಾಕ್ಸ್ ವಿಭಾಗದಲ್ಲೇ ಇರುವವರು. ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ನಿಂತ ಬಾಟಲಿಗಳನ್ನು ನೋಡಿ ಅಲ್ಲೇ ನಿಂತರು.

“ಅಲ್ರೀ, ಇದನ್ನ ಯಾವ ಗಾಡಿಗೆ ಹಾಕಾಕ ತಂದೀರಿ?”

ನನ್ನ ತರ್ಕ ಹೇಳಿದೆ. ಅವರು ನಗಲಿಲ್ಲ. “ಎಫ್ ಅಂದ್ರ ಫೋರ್ಡ್ ಅನ್ನೂದು ಖರೇ ಐತಿ. ಆದ್ರ ಇದು ನಿಮ್ಮ ಗಾಡಿ ಎಣ್ಣಿ ಅಲ್ರೀ, ನಿಮ್ಮ ಗಾಡಿ ಅಜ್ಜನ ಎಣ್ಣಿ” ಅಂದರು.

ಅವರು ಆ ಸಂಜೆ ಹೇಳಿದ್ದು, ಆಮೇಲೆ ನಾನು ಓದಿಕೊಂಡಿದ್ದು, ಕೈ ಕೊಳೆ ಮಾಡಿಕೊಂಡು ಕಲಿತಿದ್ದು ಎಲ್ಲ ಸೇರಿ ಈ ಬರಹ. ಹಳೆಯ ಆಟೊಮ್ಯಾಟಿಕ್ ಗಾಡಿ ಇರುವವರು ಎಲ್ಲೇ ಇರಲಿ, ಕ್ಯಾಂಟನ್ ಆಗಲಿ ಕೋರಮಂಗಲವಾಗಲಿ, ಉಪಯೋಗಕ್ಕೆ ಬಂದೀತು.

ಕ್ಲಚ್ ಪೆಡಲ್ ತುಳಿದು ಗೇರ್ ಹಾಕುವ ಗಾಡಿಯಲ್ಲಿ ಗೇರ್‌ಬಾಕ್ಸಿನ ಎಣ್ಣೆಗೆ ಕೆಲಸ ಕಡಿಮೆ. ಹಲ್ಲುಗಳು ಸವೆಯದಂತೆ ಕಾಯ್ದರೆ ಸಾಕು. ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ತುಂಬ ಇರುವುದು ಇದೇ ಎಣ್ಣೆ. ಗೇರ್ ಬದಲಿಸುವ ಒತ್ತಡ ಹುಟ್ಟುವುದು ಇದರಿಂದ. ಶಾಖ ಹೊತ್ತು ಹೋಗಿ ರೇಡಿಯೇಟರಿನಲ್ಲಿ ಬಿಟ್ಟು ಬರುವುದೂ ಇದೇ. ಇಷ್ಟೆಲ್ಲ ಮಾಡುವುದರ ಜೊತೆಗೆ ಅದಕ್ಕೆ ಇನ್ನೊಂದು ವಿಚಿತ್ರವಾದ ಹೊಣೆ ಇದೆ: ಒಳಗಿನ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿದ್ದು, ಎಣ್ಣೆಯಲ್ಲಿದ್ದುಕೊಂಡೇ ಒಂದನ್ನೊಂದು ಹಿಡಿಯಬೇಕು. ಜಾರಿಸುವ ವಸ್ತುವಿನಲ್ಲಿ ಮುಳುಗಿಸಿ ‘ಹಿಡಿ’ ಅನ್ನುವುದು!

ಗೆಳೆಯರು ಇದಕ್ಕೆ ದೋಸೆಯ ಉದಾಹರಣೆ ಕೊಟ್ಟರು. ಕಾವಲಿಗೆ ಎಣ್ಣೆ ಹೆಚ್ಚಾದರೆ ಹಿಟ್ಟು ಜಾರುತ್ತದೆ, ಹರಡುವುದೇ ಇಲ್ಲ. ತೀರ ಕಡಿಮೆಯಾದರೆ ಕಚ್ಚಿಕೊಂಡು ಏಳುವುದಿಲ್ಲ. ಅರ್ಧ ಈರುಳ್ಳಿಯಿಂದ ಒರೆಸಿದಷ್ಟು ಇದ್ದರೆ ಹದ. ಗೇರ್‌ಬಾಕ್ಸಿನ ಎಣ್ಣೆಗೆ ಈ ಹದ ಕೊಡಲು ಘರ್ಷಣೆಯ ಗುಣ ಬದಲಿಸುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಎಂಬುದು ಆ ಗೇರ್‌ಬಾಕ್ಸಿನ ಪ್ಲೇಟುಗಳು ಯಾವುದರಿಂದ ಮಾಡಿದ್ದು, ಎಷ್ಟಿವೆ, ಎಷ್ಟು ಬೇಗ ಹಿಡಿಯಬೇಕು ಎಂಬುದನ್ನು ನೋಡಿ ಕಂಪನಿ ನಿರ್ಧರಿಸುತ್ತದೆ. ಬಾಟಲಿಯ ಮೇಲಿನ ಡೆಕ್ಸ್ರಾನ್, ಮರ್ಕಾನ್ ಇವೆಲ್ಲ ಎಣ್ಣೆ ಕಂಪನಿಯ ಹೆಸರುಗಳಲ್ಲ. ಗಾಡಿ ಕಂಪನಿಗಳು ಬರೆದ ಈ ಹದದ ಹೆಸರುಗಳು.

ಟೈಪ್ ಎಫ್‌ನಲ್ಲಿ ಆ ಮೃದುಗೊಳಿಸುವ ರಾಸಾಯನಿಕ ಇಲ್ಲ. 1960 ಮತ್ತು 70ರ ದಶಕದ ಫೋರ್ಡ್ ಗೇರ್‌ಬಾಕ್ಸುಗಳು ಗಟ್ಟಿಯಾಗಿ, ಒಮ್ಮೆಲೇ ಹಿಡಿಯಲೆಂದು ಮಾಡಿದ್ದು ಅದು. ಪ್ಲೇಟುಗಳು ಜಾರುವುದು ನಿಲ್ಲುವ ಹೊತ್ತಿಗೆ ಅದರಲ್ಲಿ ಹಿಡಿತ ಏರುತ್ತದೆ. ಡೆಕ್ಸ್ರಾನ್, ಮರ್ಕಾನ್ ಜಾತಿಯ ಎಣ್ಣೆಗಳಲ್ಲಿ ಇಳಿಯುತ್ತದೆ. ನನ್ನ 2001ರ ಟ್ರಕ್ಕಿನಲ್ಲಿ ಟಾರ್ಕ್ ಕನ್ವರ್ಟರ್ ಒಳಗೂ ಒಂದು ಕ್ಲಚ್ ಇದೆ. ಅದು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ನಾಜೂಕಾಗಿ ಬೆಸೆಯಬೇಕು. ಅಲ್ಲಿಗೆ ಟೈಪ್ ಎಫ್ ಸುರಿದಿದ್ದರೆ ಕಚ್ಚು-ಬಿಡು, ಕಚ್ಚು-ಬಿಡು ಎಂದು ನಡುಕ ದುಪ್ಪಟ್ಟಾಗುತ್ತಿತ್ತು. ಆಗ ನಾನು ಗೇರ್‌ಬಾಕ್ಸೇ ಹೋಯಿತೆಂದು ಟ್ರಕ್ಕನ್ನು ಗುಜರಿಗೆ ಹಾಕುತ್ತಿದ್ದೆ ಎಂಬುದರಲ್ಲಿ ಸಂಶಯವಿಲ್ಲ.

ಇದನ್ನೆಲ್ಲ ಕ್ಯಾಂಟನ್‌ನಲ್ಲಿ ಕೂತು ಬರೆಯುವುದರಲ್ಲಿ ಒಂದು ಸೊಗಸಿದೆ. ಚೀನಾದ ನಗರದ ಹೆಸರು ಹೊತ್ತ ಈ ಊರಿನಿಂದ (ಹಿಂದೆ ಅಕ್ಕಪಕ್ಕದಲ್ಲಿ ನಾನ್ಕಿನ್, ಪೀಕಿನ್ ಎಂಬ ಊರುಗಳೂ ಇದ್ದವು) ಕೂಗಳತೆಯಲ್ಲೇ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಚರಿತ್ರೆಯ ಅರ್ಧ ನಡೆದಿದೆ. ಜನರಲ್ ಮೋಟಾರ್ಸ್ ತನ್ನ ‘ಹೈಡ್ರಾ-ಮ್ಯಾಟಿಕ್’ ಅನ್ನು ಮೊದಲು ಕೊಟ್ಟದ್ದು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ. ಅದನ್ನು ತಯಾರಿಸುತ್ತಿದ್ದ ನೆರೆಯ ಲಿವೋನಿಯಾದ ಕಾರ್ಖಾನೆ 1953ರ ಆಗಸ್ಟ್ 12ರಂದು ಸುಟ್ಟು ಬೂದಿಯಾಯಿತು. ಲೋಹ ಕತ್ತರಿಸುವ ಬೆಂಕಿಯ ಕಿಡಿ ಎಣ್ಣೆಗೆ ತಗುಲಿತ್ತು. ಕಂಪನಿ ಕೆಲವೇ ವಾರಗಳಲ್ಲಿ ಯಂತ್ರಗಳನ್ನು ಇಪ್ಸಿಲಾಂಟಿಯ ಬಳಿಯ ವಿಲೋ ರನ್‌ಗೆ ಸಾಗಿಸಿ ಕೆಲಸ ಶುರು ಮಾಡಿತು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ 8,685 ಬಿ-24 ಬಾಂಬರ್ ವಿಮಾನಗಳನ್ನು ಕಟ್ಟಿದ ಅದೇ ಕಟ್ಟಡದಲ್ಲಿ, ಮುಂದೆ ಐವತ್ತಕ್ಕೂ ಹೆಚ್ಚು ವರ್ಷ ಗೇರ್‌ಬಾಕ್ಸುಗಳು ತಯಾರಾದವು. 2010ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಈಗ ಆ ಜಾಗದಲ್ಲಿ ಚಾಲಕರಿಲ್ಲದ ವಾಹನಗಳನ್ನು ಪರೀಕ್ಷಿಸುವ ಅಂಗಳವಿದೆ. ನನ್ನ ಮನೆಯಿಂದ ಕಾಲು ಗಂಟೆಯ ದಾರಿ.

ಎಣ್ಣೆಯ ಕಥೆ ಶಿಕಾಗೊಗೂ ತಾಗುತ್ತದೆ. 1949ರಲ್ಲಿ ಜನರಲ್ ಮೋಟಾರ್ಸ್ ‘ಟೈಪ್ ಎ’ ಎಂಬ ಮೊದಲ ಹದವನ್ನು ಎಲ್ಲ ಎಣ್ಣೆ ಕಂಪನಿಗಳಿಗೂ ಬಿಟ್ಟುಕೊಟ್ಟಾಗ, ಆ ಮಾದರಿಗಳನ್ನು ಪರೀಕ್ಷಿಸಿ ಸಂಖ್ಯೆ ಕೊಡುತ್ತಿದ್ದುದು ಶಿಕಾಗೊದ ಆರ್ಮರ್ ಸಂಶೋಧನಾ ಪ್ರತಿಷ್ಠಾನ. ಹಳೆಯ ತಗಡಿನ ಡಬ್ಬಿಗಳ ಮೇಲಿದ್ದ ‘ಎಕ್ಯೂ’ ಅಕ್ಷರಗಳಲ್ಲಿ ‘ಎ’ ಅಂದರೆ ಆರ್ಮರ್. 1967ರಲ್ಲಿ ಡೆಕ್ಸ್ರಾನ್ ಬಂತು.

ಆ ಕಾಲದ ಎಣ್ಣೆಗಳಿಗೆ ಹದ ತರಲು ಬೆರೆಸುತ್ತಿದ್ದ ವಸ್ತುಗಳಲ್ಲಿ ಒಂದು, ಸ್ಪರ್ಮ್ ತಿಮಿಂಗಿಲದ ತೈಲ. ಹೌದು, ಸಮುದ್ರದ ತಿಮಿಂಗಿಲವೇ. ಶಾಖಕ್ಕೆ ಬೇಗ ಕೆಡದ, ಲೋಹಕ್ಕೆ ಅಂಟಿಕೊಳ್ಳುವ ಗುಣ ಅದಕ್ಕಿತ್ತು. 1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು, ತೈಲದ ಆಮದು ನಿಂತಿತು. ರಸಾಯನಶಾಸ್ತ್ರಜ್ಞರು ಪರ್ಯಾಯ ಹುಡುಕಿದರು, ಡೆಕ್ಸ್ರಾನ್-2 ಹುಟ್ಟಿತು. ಅದರ ಒಂದು ಆವೃತ್ತಿ ಎಣ್ಣೆ ತಣಿಸುವ ಕೂಲರಿನ ಬೆಸುಗೆಯನ್ನು ತಿನ್ನತೊಡಗಿದ್ದರಿಂದ ಮತ್ತೆ ತಿದ್ದುಪಡಿ. ಈಗ ನಮ್ಮ ರಾಜಸ್ಥಾನದಲ್ಲೂ ಬೆಳೆಯುವ ಹೊಹೊಬಾ ಗಿಡದ ಬೀಜದ ಎಣ್ಣೆಗೆ ಜಗತ್ತಿನಲ್ಲಿ ಬೇಡಿಕೆ ಬಂದದ್ದೂ ಈ ತಿಮಿಂಗಿಲದ ಜಾಗ ತುಂಬಲೆಂದೇ.

ಹಳೆಯ ಟ್ರಕ್ಕಿನವರ ತೊಂದರೆ ಇಲ್ಲಿಂದ ಶುರು. ಗಾಡಿ ಹಾಗೇ ಇರುತ್ತದೆ, ಎಣ್ಣೆಯ ಹೆಸರು ಬದಲಾಗುತ್ತಲೇ ಹೋಗುತ್ತದೆ. ನಿಮ್ಮ ಕೈಪಿಡಿ ‘ಡೆಕ್ಸ್ರಾನ್-2 ಹಾಕಿ’ ಎನ್ನುತ್ತದೆ, ಅಂಗಡಿಯವನು ಅಂಥದ್ದನ್ನು ಕಂಡೇ ಇಲ್ಲ ಎನ್ನುತ್ತಾನೆ. ಆಗ ‘ಅದೇ ಕೆಂಪು, ಇದೇ ಕೆಂಪು’ ಎಂದು ಸಿಕ್ಕಿದ್ದನ್ನು ತರಬಾರದು. ಬಣ್ಣ ಹಾಕುವುದು ಸೋರಿದಾಗ ಎಂಜಿನ್ ಆಯಿಲ್ ಅಲ್ಲವೆಂದು ಗುರುತು ಹತ್ತಲಿ ಎಂದಷ್ಟೇ. ಒಳಗಿನ ಹದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ಆ ಹಳೆಯ ಹೆಸರಿನ ವಾರಸುದಾರ ಯಾರು ಎಂದು.

ಷೆವ್ರಲೆ, ಜಿಎಂಸಿ ಟ್ರಕ್ಕುಗಳ ವಿಷಯದಲ್ಲಿ ಇದು ಸಲೀಸು. 2005ರಲ್ಲಿ ಬಂದ ಡೆಕ್ಸ್ರಾನ್-6 ಅನ್ನು ಡೆಕ್ಸ್ರಾನ್-2, 3 ಕೇಳುವ ತನ್ನ ಹಳೆಯ ಗೇರ್‌ಬಾಕ್ಸುಗಳಿಗೂ ಹಾಕಬಹುದು ಎಂದು ಜನರಲ್ ಮೋಟಾರ್ಸ್ ತಾನೇ ಹೇಳಿದೆ. ಡೆಕ್ಸ್ರಾನ್-3ಕ್ಕೆ ಈಗ ಆ ಕಂಪನಿ ಲೈಸೆನ್ಸ್ ಕೊಡುವುದಿಲ್ಲ. ಅಂಗಡಿಯಲ್ಲಿ ‘ಡೆಕ್ಸ್ರಾನ್-3ಕ್ಕೆ ತಕ್ಕದ್ದು’ ಎಂದು ಬರೆದ ಬಾಟಲಿ ಕಂಡರೆ ಅದು ಎಣ್ಣೆ ಬೆರೆಸಿದವರ ಮಾತು, ಗಾಡಿ ಮಾಡಿದವರ ಮಾತಲ್ಲ. ಹಾಗೆಂದು ಅವೆಲ್ಲ ಕೆಟ್ಟವು ಎನ್ನಲಾರೆ. ಹೆಸರಾಂತ ಕಂಪನಿಗಳದು ಚೆನ್ನಾಗಿಯೇ ಇರುತ್ತದೆ. ಆದರೆ ಡೆಕ್ಸ್ರಾನ್-6ರ ಬಾಟಲಿಯ ಹಿಂದೆ ‘ಜೆ’ ಅಕ್ಷರದಿಂದ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಡೆಕ್ಸ್ರಾನ್-6 ತುಸು ತೆಳು. ಬೇರೆ ಕಂಪನಿಯ ಹಳೆಯ ಗಾಡಿ ಡೆಕ್ಸ್ರಾನ್-3 ಕೇಳಿದರೆ ಅದಕ್ಕೂ 6 ನಡೆಯುತ್ತದೆ ಎಂದುಕೊಳ್ಳಬೇಡಿ. ಜನರಲ್ ಮೋಟಾರ್ಸ್ ಮಾತು ಕೊಟ್ಟಿರುವುದು ತನ್ನ ಗೇರ್‌ಬಾಕ್ಸುಗಳಿಗೆ ಮಾತ್ರ.

ಫೋರ್ಡ್‌ನಲ್ಲಿ ಸ್ವಲ್ಪ ಗೋಜಲು. ಟೈಪ್ ಎಫ್ ಆದಮೇಲೆ ಒಂದೆರಡು ನಡುವಿನ ಹೆಸರುಗಳು ಬಂದು ಹೋಗಿ, 1987ರಲ್ಲಿ ಮರ್ಕಾನ್, 90ರ ದಶಕದ ನಡುವಿನಲ್ಲಿ ಮರ್ಕಾನ್ ವಿ ಬಂದವು. 2007ರಲ್ಲಿ ಹಳೆಯ ಮರ್ಕಾನ್ ನಿಂತಿತು. ಅದನ್ನು ಕೇಳುವ ಗಾಡಿಗಳಿಗೂ ಮರ್ಕಾನ್ ವಿ ಹಾಕಿ ಎಂದು ಕಂಪನಿ ಹೇಳಿತು. ಆದರೆ ಮರ್ಕಾನ್ ಎಲ್‌ವಿ ಎಂಬುದು ಇದೇ ಮನೆಯ ಮುಂದಿನ ಮಗುವಿನಂತೆ ಕಂಡರೂ ಬೇರೆಯೇ. ಮುಂದಿನ ತಲೆಮಾರಿನ ಆರು ಗೇರಿನ ಪೆಟ್ಟಿಗೆಗಳಿಗಾಗಿ ಮಾಡಿದ ತೆಳು ಎಣ್ಣೆ ಅದು. ಮರ್ಕಾನ್ ವಿ ಕೇಳುವ ಗಾಡಿಗೆ ಎಲ್‌ವಿ ಹಾಕಬಾರದು, ಎಲ್‌ವಿ ಕೇಳುವುದಕ್ಕೆ ವಿ ಹಾಕಬಾರದು. ನನ್ನ ಟ್ರಕ್ಕಿನ ಕೈಪಿಡಿಯಲ್ಲಿ ಮರ್ಕಾನ್ ವಿ ಎಂದು ಸ್ಪಷ್ಟವಾಗಿತ್ತು. ಓದದೆ ಅಂಗಡಿಗೆ ಓಡಿದವನು ನಾನು.

ಡಾಡ್ಜ್ ರ‍್ಯಾಮ್ ಇಟ್ಟುಕೊಂಡವರಿಗೆ ಒಂದೇ ಮಾತು: ಎಟಿಎಫ್+4, ಅದೂ ಲೈಸೆನ್ಸ್ ಇರುವುದು. ಹಳೆಯ ಎಟಿಎಫ್+3 ಕೇಳುವ ಬಹುತೇಕ ಗಾಡಿಗಳಿಗೂ ಈಗ ಅದೇ. ಕ್ರೈಸ್ಲರ್ ಪೆಟ್ಟಿಗೆಗಳಿಗೆ ಡೆಕ್ಸ್ರಾನ್ ಸುರಿದು ನಡುಕ ತರಿಸಿಕೊಂಡವರ ಕಥೆ ಇಲ್ಲಿಯ ಯಾವ ಮೆಕ್ಯಾನಿಕ್‌ನನ್ನು ಕೇಳಿದರೂ ಹೇಳುತ್ತಾನೆ. ಇದರಲ್ಲಿ ಇನ್ನೊಂದು ತಮಾಷೆ ಇದೆ. ಎಟಿಎಫ್+4ರ ಕೆಂಪು ಬಣ್ಣ ಶಾಶ್ವತವಲ್ಲ. ಓಡುತ್ತ ಓಡುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ವಾಸನೆಯೂ ಬದಲಾಗುತ್ತದೆ. ಅದನ್ನು ನೋಡಿ ‘ಎಣ್ಣೆ ಸುಟ್ಟಿದೆ ಸಾರ್, ತಕ್ಷಣ ಬದಲಿಸಿ’ ಎಂದರೆ ಗಾಬರಿ ಬೇಡ.

ನಮ್ಮ ಮಿನಿವ್ಯಾನ್ ಮನೆಗಳಿಗೂ ಇದೇ ಲೆಕ್ಕ. ಹೋಂಡಾ ತನ್ನ ಹಳೆಯ ಜೆಡ್-1 ಬದಲಿಗೆ ಡಿಡಬ್ಲ್ಯು-1 ಕೊಡುತ್ತದೆ. ಟೊಯೋಟಾದ ಟಿ-4 ಮತ್ತು ಡಬ್ಲ್ಯುಎಸ್ ಅದಲುಬದಲು ಮಾಡುವಂಥವಲ್ಲ. ಇನ್ನು ‘ಎಲ್ಲ ವಾಹನಗಳಿಗೂ’ ಎನ್ನುವ ಬಾಟಲಿ. ಗೆಳೆಯರನ್ನು ಕೇಳಿದೆ. “ಎಲ್ಲಾರ ಮನಿ ಸಾರಿಗೂ ಒಂದs ಮಸಾಲಿ ಪುಡಿ ಅಂದಂಗ. ಉಣ್ಣಾಕ ಬರ್ತೈತಿ, ಆದ್ರ ನಿಮ್ಮವ್ವನ ಸಾರು ಆಗಂಗಿಲ್ಲ” ಅಂದರು. ದಾರಿಯಲ್ಲಿ ಎಣ್ಣೆ ಸೋರಿ ಗಾಡಿ ನಿಂತಾಗ ಒಂದು ಬಾಟಲಿ ಅದನ್ನೇ ಹಾಕಿ ಮನೆ ಸೇರಿಕೊಳ್ಳಬಹುದು. ಪೂರ್ತಿ ತುಂಬಿಸಲು, ಅದೂ ಸವೆದ ಹಳೆಯ ಪೆಟ್ಟಿಗೆಗೆ, ನಾನು ಒಪ್ಪಲಾರೆ. ಉಳಿಯುವುದು ಬಾಟಲಿಗೆ ಒಂದೆರಡು ಡಾಲರ್.

ಮಿಷಿಗನ್ನಿನಲ್ಲಿ ಚಳಿಯ ಲೆಕ್ಕವೂ ಇದೆ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ಬೆಳಿಗ್ಗೆ ಎಣ್ಣೆ ಜೇನಿನಂತೆ ಗಟ್ಟಿಯಾಗಿ, ಗೇರ್ ಹಾಕಿದರೂ ಗಾಡಿ ಎರಡು ಕ್ಷಣ ಯೋಚಿಸಿ ಹೊರಡುತ್ತದೆ. ಹಳೆಯ ಡೆಕ್ಸ್ರಾನ್-2ಡಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ 50,000 ಸೆಂಟಿಪಾಯ್ಸ್‌ವರೆಗೆ ಮಂದವಾಗಬಹುದಿತ್ತು. ಡೆಕ್ಸ್ರಾನ್-3ಕ್ಕೆ ಆ ಮಿತಿ 20,000, ಡೆಕ್ಸ್ರಾನ್-6ಕ್ಕೆ 15,000. ವಾರಸುದಾರ ಎಣ್ಣೆ ಹಾಕುವುದರಿಂದ ಹಳೆಯ ಟ್ರಕ್ಕಿಗೆ ಸಿಗುವ ನಿಜವಾದ ಲಾಭ ಇಂಥದ್ದು.

ಸರಿ, ಕೆಲಸಕ್ಕೆ ಬರೋಣ. ಟೈಪ್ ಎಫ್ ಬಾಟಲಿಗಳನ್ನು ರಸೀದಿ ಸಮೇತ ಹಿಂದಿರುಗಿಸಿ ಮರ್ಕಾನ್ ವಿ, ಹೊಸ ಫಿಲ್ಟರ್, ಗ್ಯಾಸ್ಕೆಟ್ ತಂದೆ. ಮುಂದಿನ ಶನಿವಾರ ಗೆಳೆಯರು ಹಳೆಯ ಅಂಗಿ ತೊಟ್ಟು ಬಂದರು. ಮೊದಲು ಅಳತೆ. ಗಾಡಿಯನ್ನು ಹದಿನೈದು ಮೈಲಿ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ತುಳಿದು ಎಲ್ಲ ಗೇರುಗಳನ್ನೂ ಒಮ್ಮೆ ಮುಟ್ಟಿಸಿ, ಪಾರ್ಕ್‌ನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದೆವು. ಎಂಜಿನ್ ಆಯಿಲ್‌ನಂತೆ ಗಾಡಿ ಆರಿಸಿ ನೋಡಿದರೆ ಇಲ್ಲಿ ಸುಳ್ಳು ಅಳತೆ. ಹಾಗೆಂದು ಇದೂ ಎಲ್ಲ ಗಾಡಿಗೂ ನಿಯಮವಲ್ಲ. ಹಳೆಯ ಡಾಡ್ಜ್ ಟ್ರಕ್ಕುಗಳನ್ನು ನ್ಯೂಟ್ರಲ್‌ನಲ್ಲಿ ನೋಡಬೇಕು, ಹೋಂಡಾವನ್ನು ಎಂಜಿನ್ ಆರಿಸಿ ನೋಡಬೇಕು. ಇತ್ತೀಚಿನ ಎಷ್ಟೋ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ‘ಜೀವಮಾನದ ಎಣ್ಣೆ’ ಎಂದು ಮುಚ್ಚಿಟ್ಟಿರುತ್ತಾರೆ. ಯಾರ ಜೀವಮಾನ ಎಂದು ಹೇಳುವುದಿಲ್ಲ.

ಕಡ್ಡಿಯ ತುದಿಯ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿದೆವು. ಚೆನ್ನಾಗಿರುವ ಎಣ್ಣೆ ಕೆಂಪಾಗಿ ಹರಡುತ್ತದೆ. ನಮ್ಮದು ಚಹಾದ ಕಲೆಯಂತೆ ಕಂದಾಗಿ, ನಡುವೆ ಕಪ್ಪು ಚುಕ್ಕೆ ಬಿಟ್ಟು ನಿಂತಿತು. ಮೂಸಿದಾಗ ಹಳಸಿದ ವಾಸನೆಯಿತ್ತು, ಸುಟ್ಟ ವಾಸನೆ ಇರಲಿಲ್ಲ. ಗೆಳೆಯರ ಮುಖ ಅರಳಿದ್ದು ಅಲ್ಲೇ. ಸುಟ್ಟ ಕಮಟು ಇದ್ದಿದ್ದರೆ ಪ್ಲೇಟುಗಳೇ ಕರಕಲಾಗಿರುತ್ತವೆ, ಆಗ ಯಾವ ಎಣ್ಣೆಯೂ ಉಳಿಸದು. ಪ್ಯಾನ್ ಬಿಚ್ಚಿದಾಗ ತಳದ ಆಯಸ್ಕಾಂತದ ಮೇಲೆ ಬೂದಿಯಂಥ ಸಣ್ಣ ಹುಡಿ ಕೂತಿತ್ತು. ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿರಲಿಲ್ಲ.

ಇಲ್ಲಿ ಬಹುಮಂದಿ ಎಡವುವ ಲೆಕ್ಕವೊಂದಿದೆ. ಈ ಪೆಟ್ಟಿಗೆ ಹಿಡಿಯುವುದು ಒಟ್ಟು ಸುಮಾರು 14 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಲೀಟರಿಗಿಂತ ಸ್ವಲ್ಪ ಕಡಿಮೆ). ಪ್ಯಾನ್ ಬಿಚ್ಚಿದರೆ ಇಳಿಯುವುದು ಸುಮಾರು 5. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ಕೂಲರಿನ ಕೊಳವೆಗಳಲ್ಲೂ ಕೂತಿರುತ್ತದೆ. ಕೈಪಿಡಿಯ 14 ನೋಡಿ 14 ಸುರಿದರೆ ತುಂಬಿ ತುಳುಕುತ್ತದೆ, ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ಹುಟ್ಟಿಸುವ ಶಕ್ತಿ ಇಲ್ಲ, ಪ್ಲೇಟುಗಳು ಜಾರಿ ಸುಡುತ್ತವೆ. ಎಷ್ಟು ಇಳಿಯಿತೋ ಅಷ್ಟೇ ಅಳೆದು ಹಾಕಿ, ಬಿಸಿ ಮಾಡಿ, ಮತ್ತೆ ಕಡ್ಡಿ ನೋಡಿ ಸರಿಪಡಿಸಬೇಕು. ಹಾಗಾಗಿ ಒಂದು ಸಲದ ಬದಲಾವಣೆಯಲ್ಲಿ ಹೊಸ ಎಣ್ಣೆಯ ಪಾಲು ಶೇ 36 ಮಾತ್ರ. ಕೆಲವು ನೂರು ಮೈಲಿ ಓಡಿಸಿ ಇನ್ನೊಮ್ಮೆ ಮಾಡಿದರೆ ಶೇ 59, ಮೂರನೇ ಸಲಕ್ಕೆ ಶೇ 73.

ಹಾಗಾದರೆ ಯಂತ್ರ ಹಚ್ಚಿ ಒಂದೇ ಸಲಕ್ಕೆ ಎಲ್ಲವನ್ನೂ ತೊಳೆದು ಹಾಕಿಸಬಾರದೇ? ‘ಹಳೆಯ ಗಾಡಿಯ ಎಣ್ಣೆ ಮುಟ್ಟಬೇಡಿ, ಮುಟ್ಟಿದರೆ ಸಾಯುತ್ತದೆ’ ಎಂಬ ಮಾತು ಬೆಂಗಳೂರಿನಲ್ಲೂ ಇದೆ, ಇಲ್ಲೂ ಇದೆ. ಆ ಮಾತಿನ ಹಿಂದಿರುವುದು ಸಾಮಾನ್ಯವಾಗಿ ಒಂದೇ ಸಂಗತಿ: ಪ್ಲೇಟು ಸವೆದು ಗೇರ್ ಜಾರತೊಡಗಿದ ಮೇಲೆ ಜನ ಎಣ್ಣೆ ಬದಲಿಸಲು ಹೋಗುತ್ತಾರೆ. ಸಾಯುವ ಗಾಡಿ ಸಾಯುತ್ತದೆ, ಅಪವಾದ ಹೊಸ ಎಣ್ಣೆಗೆ. ಆದರೂ ಎಷ್ಟೋ ವರ್ಷ ಎಣ್ಣೆ ಕಾಣದ ಪೆಟ್ಟಿಗೆಯಲ್ಲಿ ಒತ್ತಡ ಹಾಕಿ ತೊಳೆದರೆ ಕೂತ ಕೊಳೆ ಎದ್ದು ಸಣ್ಣ ಕಿಂಡಿಗಳನ್ನು ಕಟ್ಟಬಹುದು ಎಂಬ ಭಯ ನನಗೂ ಇದೆ. ಪ್ಯಾನ್ ಬಿಚ್ಚಿ, ಫಿಲ್ಟರ್ ಬದಲಿಸಿ, ಎರಡು ಮೂರು ಕಂತಿನಲ್ಲಿ ಮಾಡುವುದೇ ನನ್ನ ಆಯ್ಕೆ.

ನಡುವೆ ಇನ್ನೊಂದು ಕಂಡಿತು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಪ್ಪತ್ತು ಚಳಿಗಾಲ ಉಪ್ಪು ತಿಂದ ನಮ್ಮ ಟ್ರಕ್ಕಿನ ಕೂಲರಿಗೆ ಹೋಗುವ ಉಕ್ಕಿನ ಕೊಳವೆ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಯಾವುದಾದರೂ ಹೆದ್ದಾರಿಯಲ್ಲಿ ಅದು ಒಡೆದಿದ್ದರೆ ಕೆಲವೇ ನಿಮಿಷಗಳಲ್ಲಿ ಎಣ್ಣೆಯೆಲ್ಲ ರಸ್ತೆ ಪಾಲು. ಎಣ್ಣೆಯ ಚಿಂತೆಯಲ್ಲಿ ಕೆಳಗೆ ತೂರಿದ್ದಕ್ಕೆ ಅದು ಕಣ್ಣಿಗೆ ಬಿತ್ತು, ಬದಲಿಸಿದೆವು. ರೇಡಿಯೇಟರಿನ ಒಳಗೆ ಕೂಲರ್ ತೂತಾಗಿ ನೀರೂ ಎಣ್ಣೆಯೂ ಕೂಡಿದರೆ ಕಡ್ಡಿಯ ಮೇಲೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಕಾಣುತ್ತದಂತೆ. ಅದು ಕಂಡ ದಿನ ಗಾಡಿಯನ್ನು ಒಂದಡಿಯೂ ಓಡಿಸಬಾರದು; ನೀರು ಪ್ಲೇಟುಗಳ ಅಂಟನ್ನೇ ಬಿಡಿಸುತ್ತದೆ.

ಹಳೆಯ ಎಣ್ಣೆಯನ್ನು ಚರಂಡಿಗೋ ಹಿತ್ತಿಲಿಗೋ ಸುರಿಯುವಂತಿಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಬಿಡಿಭಾಗಗಳ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ತೆಗೆದುಕೊಳ್ಳುತ್ತಾರೆ. ಎಂಜಿನ್ ಕೂಲಂಟ್ ಅದರಲ್ಲಿ ಬೆರೆತಿರಬಾರದು, ಅಷ್ಟೆ.

ಕರ್ನಾಟಕದ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರ ಗಾಡಿಯಲ್ಲಿ ಗೇರ್ ಕೈಯಿಂದ ಹಾಕುವುದೇ ಇದ್ದರೂ, ಹೈಡ್ರಾಲಿಕ್ ಪವರ್ ಸ್ಟೀರಿಂಗಿನ ಡಬ್ಬಿಯಲ್ಲಿರುವುದು ಎಷ್ಟೋ ಸಲ ಇದೇ ಕೆಂಪು ಎಣ್ಣೆ. ಅಲ್ಲೂ ಮುಚ್ಚಳದ ಮೇಲೋ ಕೈಪಿಡಿಯಲ್ಲೋ ಹೆಸರು ಬರೆದಿರುತ್ತದೆ. ‘ಕೆಂಪಗಿದ್ದರಾಯ್ತು’ ಎನ್ನುವ ಮೆಕ್ಯಾನಿಕ್‌ಗೆ ಆ ಬರಹ ತೋರಿಸಿ. ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ಕೊಳ್ಳುವವರು ಒಂದು ಬಿಳಿ ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ.

ಮೊದಲ ಕಂತಿನ ನಂತರ ನಡುಕ ಪೂರ್ತಿ ನಿಲ್ಲಲಿಲ್ಲ. ನಾನು ಸಪ್ಪಗಾದೆ, ಗೆಳೆಯರು “ಮೂರರಾಗ ಒಂದs ಪಾಲು ಬದಲಿ ಆಗೇತ್ರಿ, ಸ್ವಲ್ಪ ತಡೀರಿ” ಅಂದರು. ಎರಡನೆಯದು ಮುಗಿದು ವಾರ ಕಳೆದ ಮೇಲೆ ಗರಗರ ಅಪರೂಪವಾಯಿತು. ಮೂರನೆಯದಾದ ಮೇಲೆ ಕೇಳಿಲ್ಲ. ಆ ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ಇನ್ನೂರು ಜನರ ಬಿಸಿಬೇಳೆಬಾತು, ನಾಲ್ಕು ಮಡಚುವ ಮೇಜು, ಧ್ವಜದ ಕಂಬ ಹೊತ್ತು ಟ್ರಕ್ ಹೊರಟಾಗ ಗೆಳೆಯರು ಪಕ್ಕದಲ್ಲಿ ಕೂತಿದ್ದರು. 45 ಮೈಲಿ ಮುಟ್ಟಿದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಹಿಂದೆ ಪಾತ್ರೆಯ ಮುಚ್ಚಳ ಮಾತ್ರ ಸಣ್ಣಗೆ ಅಲುಗುತ್ತಿತ್ತು.